ಮೂರು ರಾತ್ರಿಯ ತವರು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಹಿಂದಿನವರ ಸಂಸಾರ ಗಟ್ಟಿಯಾಗಿತ್ತು. ನಮ್ಮದೇಕೆ ಹೀಗೆ ಸಡಿಲವಾಯಿತು?”

ಕೇಳಿದವನ ಹೆಸರು ಮುರಿಗೆಪ್ಪ. ಶಾಲೆಯಲ್ಲಿ ಚರಿತ್ರೆ ಕಲಿಸುವವನು. ಅವನೇ ಮುಂದುವರಿಸಿದ.

“ಪುರಾತನ ರೋಮಿನ ಪಾಠ ಮಾಡುತ್ತೇನೆ. ಅಲ್ಲಿ ಹೆಣ್ಣು ಗಂಡನ ಹೊಸಿಲು ದಾಟಿದಳೆಂದರೆ ಮುಗಿಯಿತು, ಆ ಮನೆಯವಳೇ ಆದಳು. ನನ್ನ ಹೆಂಡತಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ತವರಿನ ಗುಂಗು ಬಿಟ್ಟಿಲ್ಲ. ಈ ಸಲ ಹೋಗಬೇಡ ಎಂದೆ. ಹೋಗಿಯೇ ಹೋದಳು. ಅಲ್ಲೇ ಇರಲಿ ಎಂದು ನಾನೂ ಫೋನು ಮಾಡಿಲ್ಲ.”

“ಎಷ್ಟು ದಿನವಾಯಿತು?”

“ಹನ್ನೊಂದು.”

ಗುರುಗಳು ಈ ಕತೆ ಹೇಳಿದರು.

ರೋಮಿನಲ್ಲಿ ಒಬ್ಬ ಕುಂಬಾರನಿದ್ದ. ನದಿಯಾಚೆಯ ಹಳ್ಳಿಯ ರೈತನೊಬ್ಬನ ಮಗಳನ್ನು ಮದುವೆಯಾಗಿ ತಂದ. ಅವಳ ಹೆಸರು ವಿಬಿಯಾ. ಆಗ ಅಲ್ಲಿ ಒಂದು ಕಟ್ಟಳೆಯಿತ್ತು. ಹೆಂಡತಿ ಗಂಡನ ಮನೆಯಲ್ಲಿ ಒಂದು ವರ್ಷ ಬಿಡದೆ ಇದ್ದರೆ ಅವಳೂ ಅವಳದೆಲ್ಲವೂ ಗಂಡನ ಅಧೀನ. ವರ್ಷ ತುಂಬುವುದರೊಳಗೆ ಸತತ ಮೂರು ರಾತ್ರಿ ಮನೆಯ ಹೊರಗೆ ಕಳೆದರೆ ಅವಳು ಅವನ ಹೆಂಡತಿಯೇ, ಆದರೆ ಅವನ ಅಧೀನಳಲ್ಲ. ಆಮೇಲೆ ವರ್ಷದ ಎಣಿಕೆ ಮತ್ತೆ ಮೊದಲಿನಿಂದ.

ರೈತ ಮಗಳನ್ನು ಬಿಟ್ಟುಕೊಡಲಿಲ್ಲ. ಪ್ರತಿವರ್ಷ ಆಲಿವ್ ಕೊಯ್ಲು ಮುಗಿದೊಡನೆ ಕತ್ತೆ ಹೊಡೆದುಕೊಂಡು ಬಂದು ಕುಂಬಾರನ ಬಾಗಿಲಲ್ಲಿ ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. “ಮಗಳೇ, ಹೊರಡು” ಎನ್ನುತ್ತಿದ್ದ.

ತವರಿನಲ್ಲಿ ಅವಳಮ್ಮನ ಮಗ್ಗ ಗೋಡೆಗೆ ಒರಗಿಯೇ ಇರುತ್ತಿತ್ತು. ಮದುವೆಯ ಹಿಂದಿನ ದಿನ ಮನೆದೇವರಿಗೆ ಒಪ್ಪಿಸಿದ ಅವಳ ಮಣ್ಣಿನ ಗೊಂಬೆ ಗೂಡಿನಲ್ಲಿಯೇ ಇರುತ್ತಿತ್ತು. ತಂದೆ ಒಣ ಅಂಜೂರ ತೆಗೆದಿಟ್ಟಿರುತ್ತಿದ್ದ. ಮೂರು ದಿನ ಅವಳು ಯಾರ ಹೆಂಡತಿಯೂ ಅಲ್ಲದೆ, ಚಿಕ್ಕವಳಾಗಿ, ಅಂಜೂರ ತಿನ್ನುತ್ತ ಕಾಲ ಕಳೆಯುತ್ತಿದ್ದಳು.

ಮೊದಮೊದಲು ಅವಳು ಹಿಂದಿರುಗಿದಾಗ ಕುಂಬಾರ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಓಣಿಯವರು ಅವನನ್ನು ಆಡಿಕೊಳ್ಳುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಐದನೆಯ ವರ್ಷ ಅವಳು ತವರಿನಿಂದ ಬರುವಾಗ ನದಿಯ ಸೇತುವೆಯ ಬಳಿ ಯಾರೋ ನಿಂತಿದ್ದರು. ಹತ್ತಿರ ಬಂದು ನೋಡಿದರೆ ಕುಂಬಾರ. ಅವನು ಅವಳ ಗಂಟನ್ನು ತೆಗೆದುಕೊಂಡು ಮುಂದೆ ನಡೆದ. ಅಂದಿನಿಂದ ಪ್ರತಿವರ್ಷವೂ ಅಲ್ಲಿಗೆ ಬಂದು ನಿಲ್ಲತೊಡಗಿದ.

ತಾಯಿ ಮೊದಲು ಹೋದಳು. ಎಂಟನೆಯ ವರ್ಷ ತಂದೆಯೂ ತೀರಿಕೊಂಡ. ಹೊಲ ಅಣ್ಣನಿಗೆ ಹೋಯಿತು, ಹನ್ನೆರಡು ಆಲಿವ್ ಮರ ವಿಬಿಯಾಳ ಪಾಲಿಗೆ ಬಂದವು. ಅದೇ ವರ್ಷ ಕುಂಬಾರನ ಆವಿಗೆ ಕುಸಿಯಿತು. ಮಡಕೆ ಸುಡಲು ಜಾಗವಿಲ್ಲದೆ ಅವನು ಕೈಕಟ್ಟಿ ಕುಳಿತ.

ಕೊಯ್ಲು ಮುಗಿಯಿತು. ಕರೆಯಲು ಯಾರೂ ಬರಲಿಲ್ಲ. ಪಕ್ಕದ ಮನೆಯವನು ಕುಂಬಾರನಿಗೆ ಹೇಳುತ್ತಿದ್ದುದು ವಿಬಿಯಾಳಿಗೆ ಒಳಗಿನಿಂದ ಕೇಳಿಸಿತು: “ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರು. ವರ್ಷ ತುಂಬುತ್ತದೆ, ಮರಗಳು ನಿನ್ನವಾಗುತ್ತವೆ. ಮಾರಿ ಆವಿಗೆ ಕಟ್ಟಿಸು.” ಕುಂಬಾರ ಎದ್ದು ಓಣಿಯತ್ತ ನಡೆದ. ಆಗಲಿ ಬಿಡು, ಇನ್ನು ಯಾರಿಗೆ ಮಗಳಾಗಿ ಉಳಿಯಬೇಕು ಎಂದುಕೊಂಡು ಅವಳು ತನ್ನ ಕೆಲಸಕ್ಕೆ ಹೋದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕತ್ತೆಯ ಗೊರಸಿನ ಸದ್ದಾಯಿತು. ಅಪ್ಪ ಬಂದನೆಂದೇ ಅವಳ ಕಾಲು ಓಡಿತು. ಹೊರಗೆ ಹಗ್ಗ ಹಿಡಿದು ಗಂಡ ನಿಂತಿದ್ದ. ಕತ್ತೆಯನ್ನು ಯಾರಿಂದಲೋ ಕೇಳಿ ತಂದಿದ್ದ.

“ಹೊರಡು,” ಎಂದ. “ಇಂದು ಹೋಗದಿದ್ದರೆ ಮೂರು ರಾತ್ರಿ ಸಿಗುವುದಿಲ್ಲ.”

“ಅಲ್ಲಿ ನನಗೆ ಯಾರಿದ್ದಾರೆ? ಇಲ್ಲೇ ಇದ್ದರೆ ಮರಗಳು ನಿಮ್ಮವಾಗುತ್ತವೆ. ಆವಿಗೆಯಾದರೂ ಎದ್ದೀತು.”

ಕುಂಬಾರ ಹಗ್ಗವನ್ನು ಅವಳ ಕೈಗಿಟ್ಟ. “ಸೇತುವೆಯ ಹತ್ತಿರ ನಿಂತಾಗ ಪ್ರತಿಸಲವೂ ಎದೆ ಹೊಡೆದುಕೊಳ್ಳುತ್ತದೆ, ಬರುತ್ತಾಳೋ ಇಲ್ಲವೋ ಎಂದು. ಆಮೇಲೆ ನೀನು ಬರುತ್ತೀಯ. ಆವಿಗೆಗಾಗಿ ನಾನು ಅದನ್ನು ಕಳೆದುಕೊಳ್ಳಲಾರೆ.”

ಅವಳು ಹೋದಳು. ತವರಿನಲ್ಲಿ ಮಗ್ಗವಿರಲಿಲ್ಲ, ಆ ಜಾಗದಲ್ಲಿ ಧಾನ್ಯದ ಚೀಲಗಳಿದ್ದವು. ಗೊಂಬೆಯನ್ನು ಅಣ್ಣನ ಮಗಳು ಎತ್ತಿಕೊಂಡು ತಿರುಗುತ್ತಿದ್ದಳು. ಅಂಜೂರದ ಮಾತನ್ನು ಯಾರೂ ಎತ್ತಲಿಲ್ಲ. ವಿಬಿಯಾ ತನ್ನ ಮರಗಳ ಕೆಳಗೆ ಕುಳಿತು ಅಪ್ಪನಿಗಾಗಿ ಮನಸಾರೆ ಅತ್ತಳು. ಮೂರು ರಾತ್ರಿ ಕಳೆದ ಮೇಲೆ ಬೆಳಕು ಹರಿಯುತ್ತಲೇ ಹೊರಟಳು. ಸೇತುವೆ ಕಾಣಿಸಿದಾಗ ಕತ್ತೆಯಿಂದಿಳಿದು ನಡೆದೇ ಹೋದಳು.

ಆ ಚಳಿಗಾಲದಲ್ಲಿ ಅವಳು ಕಟ್ಟಳೆಯಂತೆ ಅಣ್ಣನ ಒಪ್ಪಿಗೆ ಪಡೆದು ನಾಲ್ಕು ಮರ ಮಾರಿದಳು, ಆವಿಗೆ ಕಟ್ಟಿಸಿದಳು. ಹೀಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವರು ಬಹಳ ಕಾಲ ಬಾಳಿದರು. ಅವಳು ಪ್ರತಿವರ್ಷ ಹೋದಳು, ಪ್ರತಿವರ್ಷ ಬಂದಳು. ಕುಂಬಾರ ತೀರಿಕೊಂಡ ವರ್ಷ ಮಾತ್ರ ತವರಿಗೆ ಹೋಗಲಿಲ್ಲ. ಹೋಗಿ ಬರುವಾಗ ಸೇತುವೆಯ ಬಳಿ ಯಾರೂ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಹೇಳಿದ: “ಅಂದರೆ ಅವಳು ಕೊನೆಯವರೆಗೂ ಗಂಡನ ಮನೆಯವಳಾಗಲೇ ಇಲ್ಲ.”

ಗುರುಗಳು ಹೇಳಿದರು: “ಉಳಿದ ಹೆಂಗಸರು ಒಂದೇ ಸಲ ಆದರು, ಅವಳು ವರ್ಷವರ್ಷವೂ ಆದಳು.”