ಬದಲಾಯಿಸಿ ಓದಿದ ಚೀಟಿ

ಒಂದು ರೈಲ್ವೆ ಜಂಕ್ಷನ್ ಊರಿನಲ್ಲಿ ಹಳೆಯ ಆಂಗ್ಲಿಕನ್ ಚರ್ಚು ಇತ್ತು. ರೈಲು ಹಳಿ ಹಾಕಲು ಬಂದ ಬಿಳಿಯರು ಕಟ್ಟಿಸಿದ್ದು. ಬಿಳಿಯರು ಹೋದರು, ಚರ್ಚು ಊರವರದಾಯಿತು, ಆರಾಧನೆ ಕನ್ನಡಕ್ಕೆ ತಿರುಗಿತು. ಗೇಟಿನ ಮೇಲೆ ‘ಎಲ್ಲರಿಗೂ ಸುಸ್ವಾಗತ’ ಎಂಬ ಫಲಕವಿತ್ತು. ಪ್ರತಿ ಕ್ರಿಸ್ಮಸ್‌ಗೆ ಅದಕ್ಕೆ ಹೊಸ ಬಣ್ಣ ಹಚ್ಚಿಸುತ್ತಿದ್ದರು.

ಅಲ್ಲಿ ಆರಾಧನೆಗೆ ಕೂಡುವ ಸಭೆಯಲ್ಲಿ ಒಂದು ರೂಢಿ. ಭಾನುವಾರದ ಆರಾಧನೆ ಮುಗಿಯುವ ಮುಂಚೆ, ಆ ವಾರ ಹುಟ್ಟುಹಬ್ಬ ಇದ್ದವರನ್ನೂ ಮದುವೆಯಾಗಿ ವರ್ಷ ತುಂಬಿದವರನ್ನೂ ಹೆಸರು ಹಿಡಿದು ಮುಂದೆ ಕರೆಯುವುದು. ಹೆಸರು ಬರೆದ ಚೀಟಿಯನ್ನು ಬಾಗಿಲ ಬಳಿಯ ತಗಡಿನ ಡಬ್ಬಿಗೆ ಹಾಕಿದರೆ ಸಾಕು. ಕರೆಸಿಕೊಂಡವರು ಹೋಗಿ ಬಲಿಪೀಠದ ಮುಂದೆ ಮೊಣಕಾಲೂರುತ್ತಾರೆ. ಪಾದ್ರಿಯವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಸಭೆಯವರೆಲ್ಲ ಎದ್ದು ಒಂದು ಚರಣ ಹಾಡುತ್ತಾರೆ. ಹೊಸದಾಗಿ ಮದುವೆಯಾದವರು ನಾಚಿಕೊಂಡು ಹೋಗುತ್ತಿದ್ದರು, ಐವತ್ತು ವರ್ಷ ಆದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋಗುತ್ತಿದ್ದರು. ವರ್ಷಕ್ಕೊಮ್ಮೆ ಸಿಗುವ ಆ ಎರಡು ನಿಮಿಷಕ್ಕಾಗಿ ಜನ ಒಳ್ಳೆಯ ಬಟ್ಟೆ ತೆಗೆದಿಡುತ್ತಿದ್ದರು.

ಚೀಟಿ ಓದುವ ಕೆಲಸ ಸಭಾ ಹಿರಿಯ ಜ್ಞಾನಮಿತ್ರಪ್ಪನವರದು. ನಿವೃತ್ತಿಗೆ ಮುಂಚೆ ಅವರು ಅದೇ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತು ಗಾಡಿಗಳ ಹೆಸರು ಕೂಗಿದವರು. ದನಿ ಇನ್ನೂ ಕಂಚಿನಂತಿತ್ತು. ಅದರ ಬಗ್ಗೆ ಅವರಿಗೆ ಜಂಬವೂ ಇತ್ತು.

“ಒಂದು ಗಾಡಿಯನ್ನೂ ತಪ್ಪು ಕೂಗಿದವನಲ್ಲ ನಾನು,” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. “ನಾನು ತಪ್ಪು ಕೂಗಿದ್ರೆ ಜನ ತಪ್ಪು ಊರಿಗೆ ಹೋಗಿ ಇಳೀತಾರೆ.”

ಒಂದು ಭಾನುವಾರ ಡಬ್ಬಿಯಲ್ಲಿ ನಾಲ್ಕು ಚೀಟಿಗಳಿದ್ದವು. ಮೂರನ್ನು ಓದಿಯಾಯಿತು. ನಾಲ್ಕನೆಯದನ್ನು ಬಿಡಿಸಿದ ಜ್ಞಾನಮಿತ್ರಪ್ಪನವರ ಬಾಯಿ ಅಲ್ಲೇ ನಿಂತಿತು. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಸಲೋಮಿ ಮತ್ತು ವಿನೋದಿನಿ. ಸಂಗಾತಿಗಳಾಗಿ ಬಾಳಲು ತೊಡಗಿ ಇಪ್ಪತ್ತೈದು ವರ್ಷ. ದೇವರಿಗೆ ಸ್ತೋತ್ರ.’

ಸಲೋಮಿ ಆಸ್ಪತ್ರೆಯಲ್ಲಿ ನರ್ಸ್. ವಿನೋದಿನಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಟೀಚರ್. ಇಬ್ಬರೂ ಒಂದೇ ಮನೆಯಲ್ಲಿದ್ದರು, ಒಂದೇ ಸ್ಕೂಟರಿನಲ್ಲಿ ಚರ್ಚಿಗೆ ಬರುತ್ತಿದ್ದರು, ಎಡಗಡೆಯ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದರು. ‘ಅಕ್ಕತಂಗಿಯರ ಹಾಗಿದ್ದಾರೆ’ ಎಂದು ಸಭೆ ಒಂದು ಮಾತು ಹೇಳಿ ಮುಗಿಸಿಬಿಟ್ಟಿತ್ತು. ಅವರಿಬ್ಬರೂ ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಇವತ್ತು ಚೀಟಿಯಲ್ಲಿ ಹೇಳಿದ್ದರು.

ಜ್ಞಾನಮಿತ್ರಪ್ಪನವರು ತಲೆಯೆತ್ತಿ ನೋಡಿದರು. ಮೂರನೆಯ ಬೆಂಚಿನಲ್ಲಿ ವಿನೋದಿನಿ ಹೊಸ ನೀಲಿ ಸೀರೆ ಉಟ್ಟು, ಕರೆದ ಕೂಡಲೇ ಏಳುವವರಂತೆ ತುದಿಯಲ್ಲಿ ಕೂತಿದ್ದರು. ಗಂಡಸರ ಕಡೆ ಹಿಂದಿನ ಸಾಲಿನಲ್ಲಿ ಚರ್ಚು ಸಮಿತಿಯ ಪ್ರಭುದಾಸ ಕೈಕಟ್ಟಿಕೊಂಡಿದ್ದ. ಓದಿದರೆ ಗದ್ದಲ, ಬಿಟ್ಟರೆ ಅವರಿಗೆ ನೋವು. ಎರಡೂ ಬೇಡವೆಂದು ಅವರು ಒಂದು ಬುದ್ಧಿವಂತಿಕೆ ಮಾಡಿದರು.

“ಸಲೋಮಿ, ವಿನೋದಿನಿ,” ಎಂದು ಕೂಗಿದರು. “ಹುಟ್ಟುಹಬ್ಬ.”

ಸಭೆಗೆ ಖುಷಿಯೋ ಖುಷಿ. ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತ ಹುಟ್ಟುಹಬ್ಬದ ಹಾಡು ಹಾಡಿದರು. ಅರ್ಧ ಎದ್ದಿದ್ದ ವಿನೋದಿನಿ ಹಾಗೆಯೇ ಕೂತುಬಿಟ್ಟರು. ಸಲೋಮಿ ಅವರ ಕೈ ಹಿಡಿದುಕೊಂಡರು. “ಹೋಗಿ ಸಿಸ್ಟರ್, ನಾಚಿಕೆ ಯಾಕೆ?” ಎಂದು ಪಕ್ಕದವರು ತಿವಿದರೂ ಇಬ್ಬರೂ ಕದಲಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು, “ಇಬ್ಬರದೂ ಒಂದೇ ದಿನಾನಾ? ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ!” ಎಂದು ಗಲ್ಲ ಸವರಿ ಹೋದರು.

ಸಲೋಮಿ ಸೀದಾ ಹಿರಿಯರ ಹತ್ತಿರ ಬಂದರು.

“ಅಣ್ಣಾ, ನನ್ನ ಹುಟ್ಟುಹಬ್ಬ ಡಿಸೆಂಬರಿನಲ್ಲಿ. ಇವಳದು ಮಾರ್ಚಿನಲ್ಲಿ.”

“ಅದು... ಅಕ್ಷರ ಸರಿಯಾಗಿ ಕಾಣಲಿಲ್ಲಮ್ಮ.”

“ಕಂಡಿತು. ನೀವು ಓದದೆ ಬಿಟ್ಟಿದ್ರೆ ಮರೆತಿರಿ ಅಂದುಕೊಳ್ತಿದ್ದೆ. ನೀವು ಬದಲಾಯಿಸಿ ಓದಿದ್ರಿ.” ಸಲೋಮಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಇಪ್ಪತ್ತೈದು ವರ್ಷ ಅಕ್ಕತಂಗಿ ಅಂತ ಕೂರಿಸಿದ್ರಿ, ನಾವೂ ಸುಮ್ಮನೆ ಕೂತ್ವಿ. ಅದು ನಮ್ಮ ತಪ್ಪು. ಬರೋ ಭಾನುವಾರ ಇದೇ ಚೀಟಿ ಇನ್ನೊಂದು ಸಲ ಹಾಕ್ತೀವಿ. ಅವತ್ತೂ ಹೀಗೇ ಆದ್ರೆ ನಾವು ಈ ಚರ್ಚಿಗೆ ಮತ್ತೆ ಬರಲ್ಲ.”

ಸ್ಕೂಟರು ಗೇಟು ದಾಟಿತು. ಜ್ಞಾನಮಿತ್ರಪ್ಪನವರು ಮನೆಗೆ ಬಂದರೆ ಅಲ್ಲಿ ಇನ್ನೊಂದು ಮಾತು ಕಾದಿತ್ತು. ಅವರ ಹೆಂಡತಿ ಶೀಲವತಿ ಊಟಕ್ಕೆ ಬಡಿಸುತ್ತ, “ಹುಟ್ಟುಹಬ್ಬ ಅಂತೆ ಹುಟ್ಟುಹಬ್ಬ,” ಎಂದರು.

“ನಿನಗೂ ಗೊತ್ತಾ?”

“ಸ್ತ್ರೀಯರ ಕೂಟದಲ್ಲಿ ಎಲ್ಲರಿಗೂ ಗೊತ್ತು. ಗಂಡಸರಿಗೇ ಗೊತ್ತಿಲ್ಲದೆ ಇರೋದು. ಗೊತ್ತಿಲ್ಲ ಅಂತಲ್ಲ, ಗೊತ್ತು ಮಾಡಿಕೊಂಡ್ರೆ ಕಷ್ಟ ಅಂತ.”

ಹಿರಿಯರು ಸಾರಿಗೆ ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ. ಮರುದಿನ ಪಾದ್ರಿಯವರ ಮನೆಗೆ ಹೋದರು. ಪಾದ್ರಿ ಎಲಿಯೇಜರ್ ಅಯ್ಯನವರು ಒಳ್ಳೆಯ ಮನುಷ್ಯರು, ಓದಿಕೊಂಡವರು, ಸ್ವಲ್ಪ ಅಂಜುಬುರುಕರು. ಚೀಟಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

“ನೋಡಿ ಹಿರಿಯರೇ, ಹೊರದೇಶಗಳಲ್ಲಿ ನಮ್ಮದೇ ಪರಂಪರೆಯ ಸಭೆಗಳಿವೆ. ಹೆಣ್ಣು ಹೆಣ್ಣು ಜೊತೆ, ಗಂಡು ಗಂಡು ಜೊತೆ ಬಾಳುವವರಿಗೆ ಕೆಲವು ಸಭೆಗಳಲ್ಲಿ ಪ್ರಾರ್ಥಿಸ್ತಾರೆ. ಕೆಲವು ಸಭೆಗಳು ಒಪ್ಪಲ್ಲ. ಇದರ ಮೇಲೆ ದೊಡ್ಡವರು ವರ್ಷಗಟ್ಟಲೆ ಜಗಳ ಆಡ್ತಿದ್ದಾರೆ. ನಮ್ಮ ಸಭೆ ಮಾತೇ ಎತ್ತಿಲ್ಲ.”

“ಅದೆಲ್ಲ ಇರಲಿ ಅಯ್ಯನವರೇ. ನಾನು ಓದಲೋ ಬೇಡವೋ?”

“ನೀವು ಕೂಗಿ, ಅವರು ಮುಂದೆ ಬಂದ್ರೆ ನಾನು ಕೈ ಇಟ್ಟೇ ಇಡ್ತೀನಿ. ಬಂದವರನ್ನ ಎಬ್ಬಿಸಿ ಕಳಿಸೋದು ನನ್ನಿಂದ ಆಗಲ್ಲ. ಆದ್ರೆ ನೀವು ಕೂಗದಿದ್ರೆ ನಾನಾಗಿ ಕರೆಯಲ್ಲ. ಅಷ್ಟು ಧೈರ್ಯ ನನಗಿಲ್ಲ, ಇರೋದನ್ನೇ ಹೇಳ್ತಿದ್ದೀನಿ.”

‘ಎಲ್ಲರೂ ಕೈ ತೊಳೆದುಕೊಂಡು ನೀರನ್ನು ನನ್ನ ತಲೆಗೇ ಸುರಿಯುತ್ತಾರೆ’ ಎಂದು ಬೈದುಕೊಳ್ಳುತ್ತ ಹಿರಿಯರು ವಾಪಸು ಬಂದರು. ಅವರಿಗೆ ಪಾದ್ರಿಯ ಮೇಲೆ ಬಂದ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲೆಯೇ ಇತ್ತು; ಪಾದ್ರಿಯವರೇ ಬೇಡವೆಂದುಬಿಡಲಿ ಎಂಬ ಆಸೆಯಿಂದ ಅವರು ಹೋಗಿದ್ದರು.

ಗುರುವಾರ ಪ್ರಭುದಾಸ ಮನೆಗೇ ಬಂದ. ಚೀಟಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

“ಹಿರಿಯರೇ, ಮೊನ್ನೆ ನೀವು ಮಾಡಿದ್ದು ಬಹಳ ಜಾಣತನ. ಹಾಗೇ ಮುಂದುವರಿಸಿ. ಅವರು ಬರಲಿ, ಕೂತುಕೊಳ್ಳಲಿ, ಹಾಡಲಿ, ಯಾರು ಬೇಡ ಅಂದ್ರು? ಬಲಿಪೀಠದ ಬಟ್ಟೆ ಹೊಲಿದುಕೊಡಲಿ. ಮುಂದೆ ಮಾತ್ರ ಬರೋದು ಬೇಡ.”

ಭಾನುವಾರದಿಂದ ಜ್ಞಾನಮಿತ್ರಪ್ಪನವರ ಮನಸ್ಸಿನಲ್ಲಿ ಓಡುತ್ತಿದ್ದದ್ದು ಅಕ್ಷರ ತಪ್ಪದೆ ಇದೇ ಮಾತು. ಒಳಗಿದ್ದಾಗ ಅದು ವಿವೇಕದ ಮಾತಿನಂತೆ ಇತ್ತು. ಪ್ರಭುದಾಸನ ಬಾಯಿಂದ ಕೇಳಿದಾಗ ಅವರಿಗೆ ಅಸಹ್ಯವಾಯಿತು.

ಪ್ರಭುದಾಸ ಹೋದ ಮೇಲೆ ಅವರು ಹೆಂಡತಿಗೆ ಹೇಳಿದರು: “ಅವರು ಈ ಸಭೆಗೆ ಎಷ್ಟು ದುಡಿದಿದ್ದಾರೆ. ನೀನು ಜ್ವರ ಬಂದು ಮಲಗಿದಾಗ ಸಲೋಮಿ ಹನ್ನೊಂದು ದಿನ ಬಂದು ನೋಡಿಕೊಂಡ್ಳು. ಅದಕ್ಕಾದ್ರೂ ಕರೀಬೇಕು.”

ಶೀಲವತಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. “ಅದಕ್ಕೆ ಅಂತ ಕರೆಯೋದಾದ್ರೆ ಕರೀಲೇ ಬೇಡಿ. ಹೋದ ತಿಂಗಳು ಯಾರನ್ನ ಕರೆದ್ರಿ ನೆನಪಿದೆಯಾ? ಆ ಗಂಡ ಹೆಂಡತಿ ಆರು ತಿಂಗಳಿಂದ ಮಾತು ಬಿಟ್ಟಿದ್ದಾರೆ. ಮೊಣಕಾಲೂರಿದಾಗಲೂ ಒಬ್ಬರು ಈ ಕಡೆ, ಒಬ್ಬರು ಆ ಕಡೆ. ಅವರು ಸಭೆಗೆ ಏನು ಕಡಿದು ಕಟ್ಟೆ ಹಾಕಿದ್ರು? ಆದ್ರೂ ಕೂಗಿದ್ರಲ್ಲ, ಗೋಡೆ ಅದುರೋ ಹಾಗೆ. ಅವರಿಗೆ ಇಲ್ಲದ ಪರೀಕ್ಷೆ ಇವರಿಗೆ ಯಾಕೆ?”



ಭಾನುವಾರ ಬಂತು. ಚರ್ಚು ಎಂದಿಗಿಂತ ತುಂಬಿತ್ತು. ಗುಸುಗುಸು ಕೇಳಿ ಬಂದವರೇ ಹೆಚ್ಚು. ವಿನೋದಿನಿ ಈ ಸಲ ಹಳೆಯ ಸೀರೆಯಲ್ಲಿದ್ದರು, ಬೆಂಚಿನ ಒಳಗಡೆ ಕೂತಿದ್ದರು. ಏಳುವ ಭರವಸೆ ಅವರಿಗೆ ಉಳಿದಿರಲಿಲ್ಲ ಎಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ಹಿರಿಯರು ಹುಟ್ಟುಹಬ್ಬದ ಚೀಟಿಗಳನ್ನು ಓದಿದರು. ಮದುವೆಯ ಒಂದು ಚೀಟಿ ಓದಿದರು. ಆಮೇಲೆ ಕೊನೆಯ ಚೀಟಿಯನ್ನು ಬಿಡಿಸಿ ಹಿಡಿದರು. ಪ್ಲಾಟ್‌ಫಾರಂನ ಆಚೆ ತುದಿಯವರಿಗೂ ಕೇಳಿಸುತ್ತಿದ್ದ ಅದೇ ದನಿಯಲ್ಲಿ, ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ಓದಿದರು.

“ಸಲೋಮಿ ಮತ್ತು ವಿನೋದಿನಿ. ಸಂಗಾತಿಗಳಾಗಿ ಬಾಳಲು ತೊಡಗಿ ಇಪ್ಪತ್ತೈದು ವರ್ಷ. ದೇವರಿಗೆ ಸ್ತೋತ್ರ. ಇಬ್ಬರೂ ಮುಂದೆ ಬರಬೇಕು.”

ಪ್ರಭುದಾಸ ಎದ್ದ, ಹೆಂಡತಿ ಮಕ್ಕಳನ್ನು ಎಬ್ಬಿಸಿದ, ಹೊರಗೆ ನಡೆದ. ಅವನ ಹಿಂದೆ ಇನ್ನೂ ಎರಡು ಮನೆಯವರು ಹೋದರು. ಅವರ ಚಪ್ಪಲಿಯ ಸದ್ದು ನಿಲ್ಲುವವರೆಗೂ ಸಲೋಮಿ ಕಾದರು. ಆಮೇಲೆ ವಿನೋದಿನಿಯ ಕೈ ಹಿಡಿದು ಎಬ್ಬಿಸಿ ನಡೆದರು. ಇಬ್ಬರೂ ಮೊಣಕಾಲೂರಿದರು.

ಪಾದ್ರಿಯವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಇಬ್ಬರ ತಲೆಯ ಮೇಲೂ ಕೈಯಿಟ್ಟರು. ಆದರೆ ಗಾಬರಿಯಲ್ಲಿ, ದಂಪತಿಗಳು ಬಂದಾಗಲೆಲ್ಲ ಹೇಳುವ ಮಾತು ತಾನಾಗಿ ಅವರ ಬಾಯಿಂದ ಬಂದುಬಿಟ್ಟಿತು: “ಇವರ ಮನೆಯವರು ಬಂದು ಹಿಂದೆ ನಿಲ್ಲಲಿ.”

ಇಬ್ಬರಿಗೂ ಮನೆಯವರಿರಲಿಲ್ಲ. ಇದ್ದವರು ಇಪ್ಪತ್ತೈದು ವರ್ಷದ ಹಿಂದೆಯೇ ಸಂಬಂಧ ಕಡಿದುಕೊಂಡಿದ್ದರು. ವಿನೋದಿನಿಯ ತಲೆ ಇನ್ನಷ್ಟು ಬಗ್ಗಿತು. ಪಾದ್ರಿಗೆ ಏನೆಂದುಬಿಟ್ಟೆನೆಂದು ಹೊಳೆದು ಮುಖ ಸಪ್ಪಗಾಯಿತು.

ಆಗ ಹೆಂಗಸರ ಕಡೆಯಿಂದ ಶೀಲವತಿ ಎದ್ದರು. ಸೆರಗು ಸರಿಮಾಡಿಕೊಂಡು ಹೋಗಿ ಸಲೋಮಿಯ ಹಿಂದೆ ನಿಂತರು. ಹಿಂದಿನ ವಾರ ಗಲ್ಲ ಸವರಿದ್ದ ಅಜ್ಜಿ ಕೋಲೂರಿಕೊಂಡು ಬಂದು ವಿನೋದಿನಿಯ ಹಿಂದೆ ನಿಂತರು. ಸ್ತ್ರೀಯರ ಕೂಟದ ಏಳೆಂಟು ಜನ ಬಂದರು. ಗಂಡಸರ ಕಡೆಯಿಂದ ಯಾರೂ ಬರಲಿಲ್ಲ. ಅದನ್ನು ನೋಡಿ ಹಿರಿಯರಿಗೆ ನಾಚಿಕೆಯಾಯಿತು. ಅವರು ಚೀಟಿ ಮಡಚಿ ಕೆಳಗಿಳಿದು ಹೋಗಿ ಹೆಂಡತಿಯ ಪಕ್ಕ ನಿಂತರು. ಸಭೆ ಹಾಡಿತು. ಅರ್ಧ ಜನ ಹಾಡಿದರು, ಅರ್ಧ ಜನ ತುಟಿ ಬಿಗಿಹಿಡಿದು ನಿಂತಿದ್ದರು. ಆದರೂ ಚರಣ ಪೂರ್ತಿಯಾಯಿತು.

ಆರಾಧನೆ ಮುಗಿದ ಮೇಲೆ ಹಿರಿಯರು ಎಂದಿನಂತೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈ ಕೊಟ್ಟರು. ಕೆಲವರು ಕೈ ಕೊಡದೆ ಹೋದರು. ಅದನ್ನು ಅವರು ನುಂಗಿಕೊಂಡರು, ಏಕೆಂದರೆ ಅವರ ಕಣ್ಣು ಮೂರನೆಯ ಬೆಂಚಿನವರ ಮೇಲಿತ್ತು. ಸಲೋಮಿ ಏನಾದರೂ ಹೇಳಿದರೆ, ‘ಅಯ್ಯೋ, ಅದರಲ್ಲೇನಿದೆಯಮ್ಮ’ ಎನ್ನಲು ಮಾತನ್ನೂ ಸಿದ್ಧಮಾಡಿಟ್ಟುಕೊಂಡಿದ್ದರು.

ಸಲೋಮಿ ಬಂದು ಕೈ ಕುಲುಕಿದರು. “ಅಣ್ಣಾ, ಶೀಲವತಿ ಅಕ್ಕನ ಸಕ್ಕರೆ ಪರೀಕ್ಷೆ ಮಾಡಿಸಿ ಮೂರು ತಿಂಗಳಾಯ್ತು. ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ,” ಎಂದರು. ವಿನೋದಿನಿ, “ಬರ್ತೀವಣ್ಣ,” ಎಂದು ನಕ್ಕರು. ಇಬ್ಬರೂ ಸ್ಕೂಟರು ಹತ್ತಿ ಹೊರಟುಹೋದರು.

ಹಿರಿಯರು ನೋಡುತ್ತಲೇ ನಿಂತರು. ಶೀಲವತಿ ಹತ್ತಿರ ಬಂದು, “ಏನ್ರೀ, ಮುಖ ಯಾಕೆ ಹೀಗಿದೆ?” ಎಂದು ಕೇಳಿದರು.

“ಊರನ್ನೆಲ್ಲ ಎದುರು ಹಾಕಿಕೊಂಡೆ. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲೇ.”

“ಮೂವತ್ತೆಂಟು ವರ್ಷದಿಂದ ಈ ಸಭೆ ನಮ್ಮಿಬ್ಬರನ್ನ ಮುಂದೆ ಕರೀತಿದೆ. ನೀವು ಯಾರಿಗಾದ್ರೂ ಒಂದು ಸಲ ಥ್ಯಾಂಕ್ಸ್ ಹೇಳಿದ್ದೀರಾ?”



“ಇಲ್ಲ,” ಎಂದರು ಜ್ಞಾನಮಿತ್ರಪ್ಪನವರು. ಹೇಳಬೇಕೆಂದು ಅವರಿಗೆ ಯಾವತ್ತೂ ಅನ್ನಿಸಿಯೇ ಇರಲಿಲ್ಲ.

ನೀತಿ: ಬಾಗಿಲು ತೆರೆದು ಒಳಗೆ ಬಿಟ್ಟು, ಬಂದವರಿಗೆ ನಮಗೆ ಅನುಕೂಲವಾದ ಹೆಸರು ಕೊಟ್ಟು ಕೂರಿಸಿದರೆ ಅದು ಸ್ವಾಗತವಾಗುವುದಿಲ್ಲ. ಎಲ್ಲರನ್ನೂ ಕರೆಯುವ ಹಾಗೆಯೇ ಅವರನ್ನೂ, ಅವರು ಯಾರೋ ಅವರಾಗಿ ಕರೆಯಬೇಕು. ಕರೆದ ಮೇಲೆ ಅದನ್ನು ಉಪಕಾರವೆಂದು ಎಣಿಸಬಾರದು.