ಕೊರಳಿಗೆ ಹಾಕಿದ ಪಟ್ಟು

ಪರಮಪೂಜ್ಯ ಚನ್ನಮಲ್ಲಜ್ಜನವರು ನಮ್ಮೂರ ಗರಡಿಮನೆಯ ಹಿಂದೆ ಒಂದು ತಗಡಿನ ಚಪ್ಪರದಲ್ಲಿ ವಾಸವಾಗಿದ್ದರು. ಮಠ ಕಟ್ಟಿಸುತ್ತೇವೆ ಎಂದವರಿಗೆ ಬೇಡವೆಂದಿದ್ದರು. ಒಂದು ಕಂಬಳಿ, ಒಂದು ಕೊಡ. ಅಷ್ಟೇ. ಗರಡಿಯ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡುವ ದಿನ ತಾವೂ ಇಳಿದು ತುಳಿಯುತ್ತಿದ್ದರು. ನಾನೂ ನನ್ನಾಕೆಯೂ ಬೆಳಿಗ್ಗೆ ಅವರಿಗೆ ರೊಟ್ಟಿ ಒಯ್ಯುತ್ತಿದ್ದೆವು. ಆಕೆ ಈಗಿಲ್ಲ. ಈಗ ಹೇಳುವ ಸಂಗತಿ ನಡೆದಾಗ ಇಬ್ಬರೂ ಅಲ್ಲೇ ಇದ್ದೆವು.

ಬರಮಪ್ಪನೆಂಬ ಪೈಲ್ವಾನನಿದ್ದ. ತಾಲೀಮಿನಲ್ಲಿ ಅವನ ಜೋಡಿ ದಾವಲಸಾಬ. ಒಂದು ದಿನ ಬರಮಪ್ಪ ಅವನ ಕೊರಳಿಗೆ ಪಟ್ಟು ಹಾಕಿದ. ದಾವಲ ಬರಮಪ್ಪನ ಬೆನ್ನು ತಟ್ಟಿದ. ಸಾಕು ಎಂದು ಹಾಗೆ ತಟ್ಟಿದರೆ ಬಿಡಬೇಕು. ಆದರೆ ಬೆವರಿಗೆ ಕೈ ಜಾರಬಾರದೆಂದು ಜೋಡಿಯ ಬೆನ್ನಿಗೆ ಮಣ್ಣು ಬಡಿಯುವುದೂ ಉಂಟು. ಮಣ್ಣು ಹಚ್ಚುತ್ತಿದ್ದಾನೆ ಅಂದುಕೊಂಡ ಬರಮಪ್ಪ. ಇನ್ನೂ ಬಿಗಿದ. ದಾವಲನ ಕೈಕಾಲು ಸೋತು ಬಿದ್ದವು.

ಜೀವ ಉಳಿಯಿತು. ತಿಂಗಳುಗಟ್ಟಲೆ ಮಲಗಿ ಎದ್ದು, ದಾವಲ ಮತ್ತೆ ಗರಡಿಗೆ ಬಂದ. ‘ಆಡಿದರ ಬರಮ್ಯಾನ ಜೋಡೀನ ಆಡತೇನಿ’ ಅಂತ ಹಟ ಹಿಡಿದ. ಬರಮಪ್ಪನಿಗೆ ಅನ್ನ ಸೇರದಾಯಿತು. ಮತ್ತೆ ಹಿಡಿದರೆ? ಈ ಸಲ ಸತ್ತೇ ಹೋದರೆ?

ಅಜ್ಜನವರು ಕೊಡುವ ವಿಭೂತಿಗೆ ಒಲೆಬೂದಿ ಎಂದು ನಗುತ್ತಿದ್ದವನು ಅವನು. ಅಂದು ನಾವು ರೊಟ್ಟಿ ಒಯ್ದಾಗ ಚಪ್ಪರಕ್ಕೆ ಓಡಿ ಬಂದ.

“ಅಜ್ಜಾರ, ಒಳಗ ದಾವಲ ಲಂಗೋಟಿ ಬಿಗದು ನಿಂತಾನ್ರಿ. ನಿಮ್ಮ ಬೂದ್ಯಾಗ ಖರೇನ ಏನರ ಇದ್ದರ, ಈ ಕೈಯಾಗಿನ ಶಕ್ತಿ ತಗದಬಿಡ್ರಿ.”

ಅಜ್ಜನವರು ಅಂಗಳದತ್ತ ಬೆರಳು ತೋರಿದರು. ಅಲ್ಲಿ ಹೆಣ್ಣುನಾಯಿ ತನ್ನ ಮರಿಯನ್ನು ಕೆಡವಿ ಕೊರಳಿಗೆ ಬಾಯಿ ಹಾಕಿತ್ತು. ಮರಿ ಕಾಲು ಝಾಡಿಸಿತು. ತಾಯಿ ಬಿಡಲಿಲ್ಲ. ಕೊಸರಾಡಿತು. ಬಿಡಲಿಲ್ಲ. ಆಮೇಲೆ ಮರಿಯ ಮೈ ಒಂಚೂರು ಸೆಟೆಯಿತು. ಇನ್ನೂ ಕುಂಯ್ ಎಂದಿರಲಿಲ್ಲ. ಅಷ್ಟರಲ್ಲೇ ತಾಯಿ ಬಾಯಿ ಸಡಿಲಿಸಿತು. ಮರಿ ಎದ್ದು ತಾಯಿಯ ಕಿವಿಗೆ ಜೋತುಬಿತ್ತು.

“ಅದರ ಹಲ್ಲು ಕೀಳಂತೀಯೇನು?” ಎಂದರು ಅಜ್ಜನವರು.

“ಅದಕ್ಕ ಹುಟ್ಟಾ ಗೊತ್ತೈತ್ರಿ. ನಾ ಮನಶ್ಯಾ.”

ಅಜ್ಜನವರು ಕಂಬಳಿ ತೆಗೆದಿಟ್ಟರು. ಅವನೆದುರು ಬಗ್ಗಿ ಕೊರಳು ಒಡ್ಡಿದರು.

“ಹಾಕು ಪಟ್ಟು.”

“ಬ್ಯಾಡ್ರೀ ಯಪ್ಪಾ.”

“ಹಾಕು. ನಾ ತಟ್ಟಂಗಿಲ್ಲ.”

ಬರಮಪ್ಪ ತೋಳು ಸುತ್ತಿದ. “ಬಿಗಿ” ಎಂದರು. ಬಿಗಿದ. “ಇನ್ನೂ.” ಮುಪ್ಪಿನ ಕೊರಳು. ಮುಖ ಕೆಂಪಾಯಿತು. ನನ್ನಾಕೆ ನನ್ನ ರಟ್ಟೆ ಹಿಡಿದು, “ಬಿಡಸ್ರಿ, ಹೋಗ್ರಿ” ಅಂದಳು. ಅಜ್ಜನವರು ತಟ್ಟುತ್ತಾರೇನೋ ಎಂದು ನಾನು ನೋಡುತ್ತಿದ್ದೆ. ಅಜ್ಜನವರ ಕೈಗಳು ಸುಮ್ಮನೆ ಇಳಿಬಿದ್ದಿದ್ದವು. ಬರಮಪ್ಪ ಕಣ್ಣು ಮುಚ್ಚಿದ. ಥಟ್ಟನೆ ತೋಳು ಬಿಚ್ಚಿದ.

ಅಜ್ಜನವರು ಕೆಮ್ಮಿದರು. ನೀರು ಕುಡಿದರು.

“ಯಾಕ ಬಿಟ್ಟಿ?”

“ಉಸರು ಬ್ಯಾರೆ ಆತ್ರಿ.”

“ಯಾರು ಹೇಳಿದರು?”

ಬರಮಪ್ಪ ತನ್ನ ತೋಳು ನೋಡಿಕೊಂಡ. ಪಾದಕ್ಕೆ ಬಿದ್ದ.

“ಹೋಗು, ಅವ ಕಾಯಾಕತ್ತಾನ” ಎಂದು ಅಪ್ಪಣೆಯಾಯಿತು.

ಹೆಂಗಸರು ಗರಡಿಯೊಳಗೆ ಬರುವಂತಿಲ್ಲ. ನಾನು ಬಾಗಿಲಲ್ಲಿ ನಿಂತೆ. ಆಕೆ ಗೋಡೆಯಾಚೆ ನಿಂತು “ಏನಾತ್ರಿ? ಏನಾತು?” ಅನ್ನುತ್ತಲೇ ಇದ್ದಳು.

ಬರಮಪ್ಪ ದಾವಲನ ಕೊರಳು ಹಿಡಿದ.

“ಇದೇನ್ ಹಿಡಿತನೋ? ನನ್ನ ಹೇಣತಿ ಇದಕ್ಕಿಂತ ಬಿಗಿ ಹಿಡೀತಾಳ. ಹಾಕಲೇ ಸರಿಯಾಗಿ!” ಅಂದ ದಾವಲ.

ಬರಮಪ್ಪ ಬಿಗಿದ. ದಾವಲನ ಕೈ ಇನ್ನೂ ಮೇಲೇಳುತ್ತಿತ್ತು, ತಟ್ಟಿರಲಿಲ್ಲ. ಬರಮಪ್ಪನ ತೋಳು ತೆರೆಯಿತು. ತೆರೆದದ್ದೇ ತಡ, ದಾವಲ ಕಾಲಿಗೆ ಕೈ ಹಾಕಿ ಅವನನ್ನು ಎತ್ತಿ ಒಗೆದ.

ಬರಮಪ್ಪ ಅಂಗಾತ ಬಿದ್ದ. ಏಳಲಿಲ್ಲ. ‘ಗುರುವೇ’ ಎಂದು ಕೈಮುಗಿದು ಅಳತೊಡಗಿದ. ಅಳುತ್ತಲೇ ನಕ್ಕ.

“ಏನಾತ್ರಿ?” ಎಂದಳು ನನ್ನಾಕೆ ಗೋಡೆಯಾಚೆಯಿಂದ.

“ಬರಮಪ್ಪ ಸೋತ,” ಅಂದೆ. “ಅವಂಗ ಸಂತೋಷ ಆಗೇತಿ.”