ಗಡಿಯಾರದವನ ಎಂಜಿನ್ನು

"ಬುದ್ಧಿ, ಯಾರ ಮಾತೂ ತಾಗದಂಥ ಜಾಗಕ್ಕೆ ಹೋಗಿಬಿಟ್ಟರೆ ಮನಸ್ಸು ನಿರ್ಮಲವಾಗಿ ಉಳಿಯುತ್ತದಲ್ಲವೇ?" ಎಂದು ಗುರುಸಿದ್ಧ ಕೇಳಿದ.

ಮಠದ ಹಿರಿಯ ಸ್ವಾಮಿಗಳಾದ ದೊಡ್ಡ ಬುದ್ಧಿಯವರು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಇವತ್ತು ಅಡುಗೆಮನೆಯಲ್ಲಿ ಯಾರು ಏನು ಅಂದರು?" ಎಂದರು.

ಗುರುಸಿದ್ಧ ಮಠದ ಶಿಷ್ಯ. ದಾಸೋಹದ ಅಡುಗೆಮನೆಯಲ್ಲಿ ಅವನಿಗೆ ಕೆಲಸ. "ಒಬ್ಬರೇ, ಇಬ್ಬರೇ, ಯಾರ ಹೆಸರು ಹೇಳಲಿ? ಬೆಳಿಗ್ಗೆ ಧ್ಯಾನದಿಂದ ಎದ್ದಾಗ ಮನಸ್ಸು ಕನ್ನಡಿಯ ಹಾಗಿರುತ್ತದೆ. ಅಡುಗೆಮನೆಗೆ ಕಾಲಿಟ್ಟರೆ ಮುಗಿಯಿತು. ಒಬ್ಬ ಸಾರು ನೀರಾಯಿತು ಅನ್ನುತ್ತಾನೆ. ಇನ್ನೊಬ್ಬ ನಾನು ಹೆಚ್ಚಿದ ಸೌತೆಕಾಯಿ ನೋಡಿ ನಗುತ್ತಾನೆ. ಸಂಜೆಯ ಹೊತ್ತಿಗೆ ಮನಸ್ಸಿನ ತುಂಬ ಗೀರು. ಬೆಟ್ಟದ ಮೇಲಿನ ಗುಹೆ ಖಾಲಿ ಇದೆ. ಅಪ್ಪಣೆಯಾದರೆ ನಾಳೆಯೇ ಹೊರಡುತ್ತೇನೆ" ಎಂದ.

ಬುದ್ಧಿಯವರು ಮೊರವನ್ನು ಅವನ ಕಡೆಗೆ ಸರಿಸಿದರು. "ಕೂತುಕೋ, ಸುಲಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದೂರಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು, ಊರಿಗೆ ಮಾತ್ರ ಅವನು ಗಡಿಯಾರದವನು. ಅವನ ಕೈಗೆ ಬಂದ ಗಡಿಯಾರ ಮತ್ತೆ ನಿಂತದ್ದಿಲ್ಲ. ಒಳಗಿನ ಒಂದೊಂದು ಚಕ್ರವನ್ನೂ ಉಜ್ಜಿ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿಯೇ ಅವನು ಜೋಡಿಸುತ್ತಿದ್ದ. ಕೂದಲೆಳೆಯಷ್ಟು ಗೀರು ಕಂಡರೂ ಅವನಿಗೆ ಊಟ ಸೇರದು. ಗೀರು ಅಂದರೆ ಅವನ ಪಾಲಿಗೆ ರೋಗ.

ಆ ಊರಿನ ಸಾಹುಕಾರರ ಮನೆಯಲ್ಲಿ ಅಜ್ಜನ ಕಾಲದ ಗೋಡೆ ಗಡಿಯಾರ ನಿಂತುಹೋಗಿತ್ತು. ಎಲ್ಲರೂ ಕೈಚೆಲ್ಲಿದ ಮೇಲೆ ಇವನು ಅದನ್ನು ಬಿಚ್ಚಿ ಕಟ್ಟಿದ. ಅದು ಢಣ್ ಢಣ್ ಅಂತ ಹೊಡೆದಾಗ ಸಾಹುಕಾರರ ಕಣ್ಣಲ್ಲಿ ನೀರು ಬಂತು. "ಏನು ಬೇಕೋ ಕೇಳಯ್ಯ" ಅಂದರು. ಬೇರೆಯವನಾಗಿದ್ದರೆ ಒಂದು ತುಂಡು ಗದ್ದೆ ಕೇಳುತ್ತಿದ್ದ. ಇವನು ಹಿತ್ತಲಿನ ಕೊಟ್ಟಿಗೆಯ ಕಡೆ ಕೈ ತೋರಿಸಿದ. ಅಲ್ಲಿ ಒಂದು ಹಳೆಯ ರೇಸಿನ ಕಾರು ನಿಂತಿತ್ತು. ಪರದೇಶದ್ದು, ಮೇಲೆ ಚಾವಣಿಯಿಲ್ಲ, ಕೂರುವುದು ಇಬ್ಬರೇ. ಒಂದು ಕಾಲದಲ್ಲಿ ಗಾಳಿಯ ಹಾಗೆ ಓಡಿತ್ತಂತೆ. ಈಗ ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು.

"ಅದಾ? ಕೋಳಿ ಸಮೇತ ತೆಗೆದುಕೊಂಡು ಹೋಗು ಮಾರಾಯ" ಅಂದರು ಸಾಹುಕಾರರು.

ಊರವರು ಹಗ್ಗ ಕಟ್ಟಿ, ನಕ್ಕು ನಕ್ಕು, ಕಾರನ್ನು ಎಳೆದು ತಂದು ಅವನ ಮನೆ ಮುಂದೆ ನಿಲ್ಲಿಸಿದರು. ಎಂಜಿನ್ನನ್ನು ಎತ್ತಿ ಪಡಸಾಲೆಯಲ್ಲಿ ಇಳಿಸಿದರು. ಗಡಿಯಾರದವನು ಅದನ್ನು ಬಿಚ್ಚಲು ಕುಳಿತ. ಆ ಖುಷಿಯನ್ನು ಏನಂತ ಹೇಳಲಿ! ಇಷ್ಟು ದಿನ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವನಿಗೆ ಎರಡು ಕೈಯಲ್ಲಿ ತಬ್ಬಿಕೊಳ್ಳುವಂಥ ಯಂತ್ರ ಸಿಕ್ಕಿತ್ತು. ಹೆಂಡತಿ ಚೆನ್ನಾಜಮ್ಮನ ಇಡ್ಲಿ ಪಾತ್ರೆಯಲ್ಲಿ ವಾಲ್ವುಗಳು ಸೀಮೆಎಣ್ಣೆ ಕುಡಿಯುತ್ತ ಮಲಗಿದವು. ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ನಟ್ಟುಗಳು ಸೇರಿಕೊಂಡವು.

"ರೀ, ಸಾಸಿವೆ ಅಂತ ಕೈ ಹಾಕಿದರೆ ನಟ್ಟು ಬಂತು!" ಅಂತ ಅವಳು ಒಳಗಿನಿಂದ ಕೂಗುತ್ತಿದ್ದಳು.

"ಎಣ್ಣೆಗೆ ಹಾಕಿಬಿಟ್ಟೀಯೆ ಕಣೇ! ಅಂಥದ್ದು ಇನ್ನೊಂದು ಸಿಗುವುದಿಲ್ಲ!" ಅಂತ ಇವನು ಪಡಸಾಲೆಯಿಂದ ಕೂಗುತ್ತಿದ್ದ. ಬೈದುಕೊಳ್ಳಬೇಕಾದ ಇಬ್ಬರೂ ನಗುತ್ತಿದ್ದರು.

ಚೆನ್ನಾಜಮ್ಮ ಬಾಯಿ ಮುಚ್ಚಿಕೊಂಡಿರುವ ಹೆಂಗಸಲ್ಲ. ಒಮ್ಮೆ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಎಲ್ಲರ ಎದುರಿಗೆ, "ನಿನ್ನ ಗಂಡನ ಗುಜರಿ ಎಲ್ಲಿಗೆ ಬಂತಮ್ಮ?" ಅಂತ ಹಂಗಿಸಿದ. ಇವಳಿಗೆ ಸಿಟ್ಟು ನೆತ್ತಿಗೇರಿತು. "ಇನ್ನು ನಿಮ್ಮ ಹೊಸಿಲು ತುಳಿದರೆ ಆ ಕಾರಿನಿಂದ ಇಳಿದೇ ತುಳಿಯುತ್ತೇನೆ ಭಾವ. ಇಲ್ಲದಿದ್ದರೆ ಇಲ್ಲ" ಅಂದುಬಿಟ್ಟಳು.

ಅಂದದ್ದೇನೋ ಅಂದಳು. ಅಷ್ಟರಲ್ಲಿ ಅಕ್ಕನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಆ ಅಕ್ಕನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳೇ ಚೆನ್ನಾಜಮ್ಮ. "ನನ್ನ ಮಗಳ ಕಿವಿಯಲ್ಲಿ ಹೆಸರು ಹೇಳುವವಳು ನೀನೇ ಚಿಕ್ಕಮ್ಮ. ನೀನು ಬಾರದೆ ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ" ಅಂತ ಅವಳು ಹೇಳಿಕಳಿಸಿದಳು. ನಾಮಕರಣದ ದಿನವೂ ಗೊತ್ತಾಯಿತು. ಆಡಿದ ಮಾತನ್ನು ನುಂಗಿಕೊಂಡು ಬಸ್ಸಿನಲ್ಲಿ ಹೋಗಿ ಇಳಿಯಲು ಚೆನ್ನಾಜಮ್ಮನಿಗೆ ಆಗದು. ಹೋಗದೆ ಮನೆಯಲ್ಲಿ ಕೂರಲೂ ಆಗದು. ಇನ್ನು ಎಲ್ಲವೂ ಗಂಡನ ಕೈಯಲ್ಲಿತ್ತು, ಅದು ಅವನಿಗೂ ಗೊತ್ತಿತ್ತು.

ಎಂಜಿನ್ನಿನ ಹೊಟ್ಟೆಯಲ್ಲಿ ಸಿಲಿಂಡರುಗಳಿರುತ್ತವೆ. ಕಬ್ಬಿಣದ ಸಣ್ಣ ಬಾವಿಗಳು ಅಂತ ಇಟ್ಟುಕೋ. ಒಂದೊಂದು ಬಾವಿಯಲ್ಲೂ ಒಂದೊಂದು ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಬಳೆಯ ಹಾಗೆ ರಿಂಗುಗಳು. ಬಾವಿಯ ಗೋಡೆಯ ಮೇಲೆ ಎಣ್ಣೆಯ ಒಂದು ತೆಳುವಾದ ಪದರ ನಿಲ್ಲಬೇಕು, ರಿಂಗು ಗೋಡೆಗೆ ಬಿಗಿಯಾಗಿ ಕೂರಬೇಕು. ಆಗಲೇ ಎಂಜಿನ್ನಿಗೆ ಉಸಿರು.

ಗಡಿಯಾರದವನು ಬೇರೆಲ್ಲವನ್ನೂ ಸರಿಯಾಗಿಯೇ ಮಾಡಿದ. ಸಿಲಿಂಡರಿನ ಗೋಡೆಗೆ ಬಂದಾಗ ಅವನ ಹಳೆಯ ಕೈ ಎದ್ದುಬಂತು. ಗಡಿಯಾರದ ಚಕ್ರಕ್ಕೆ ಹಾಕುವ ಪಾಲಿಶ್ ಪುಡಿಯನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಉಜ್ಜಿದ, ಉಜ್ಜಿದ, ಉಜ್ಜಿಯೇ ಉಜ್ಜಿದ. ಒಂದು ಗೀರೂ ಉಳಿಯದೆ ಗೋಡೆ ಕನ್ನಡಿಯಾಯಿತು. ಮನೆಗೆ ಬಂದವರಿಗೆಲ್ಲ ಟಾರ್ಚು ಹಾಕಿ ತೋರಿಸುತ್ತಿದ್ದ. "ನೋಡಿ ಸ್ವಾಮಿ, ಇದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದು!"

ಎಂಜಿನ್ನನ್ನು ಕಾರಿಗೆ ಕೂರಿಸಿದ ದಿನ ಬೀದಿಗೆ ಬೀದಿಯೇ ಸೇರಿತು. ಚೆನ್ನಾಜಮ್ಮ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟಳು. ಇವನು ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಗುರುಗುಟ್ಟಿತು, ಹೊತ್ತಿಕೊಂಡಿತು. ಜನ ಹೋ ಅಂದರು. ಅವರ ಬಾಯಿ ಮುಚ್ಚುವ ಮೊದಲೇ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂತು. ಎಂಥ ಹೊಗೆ ಅಂತೀಯೆ! ಎದುರು ಮನೆ ಕಾಣಲಿಲ್ಲ. ಪಕ್ಕದ ಮನೆಯವರು ಬೆಂಕಿ ಬಿತ್ತೆಂದುಕೊಂಡು ಒಂದು ಬಿಂದಿಗೆ ನೀರು ತಂದು ಸುರಿದರು. ಅದು ಕಾರಿಗೆ ಬೀಳದೆ ಗಡಿಯಾರದವನ ತಲೆಗೆ ಬಿತ್ತು.

ಎಂಜಿನ್ನು ಎಣ್ಣೆಯನ್ನು ಉರಿಸುತ್ತಿದೆ ಅನ್ನುವುದು ಅವನಿಗೆ ತಿಳಿಯಿತು. ಯಾಕೆ ಅನ್ನುವುದು ತಿಳಿಯಲಿಲ್ಲ. ಮತ್ತೆ ಬಿಚ್ಚಿದ. ಹೊಳಪು ಸಾಲದೇನೋ ಅಂದುಕೊಂಡು ಮತ್ತೂ ಉಜ್ಜಿದ. ಮತ್ತೆ ಕೂರಿಸಿದ. ಈ ಸಲ ಹೊಗೆ ಮೊದಲಿಗಿಂತ ದಟ್ಟವಾಗಿ ಬಂತು. ಜನ ಸೇರುವುದನ್ನು ಬಿಟ್ಟರು. ಎಂಜಿನ್ನು ಮತ್ತೆ ಬಿಚ್ಚಿಕೊಂಡು ಪಡಸಾಲೆಗೆ ಬಂತು. ನಾಮಕರಣ ಹತ್ತಿರ ಬಂತು.

"ನೀವೊಬ್ಬರೇ ಬಸ್ಸಿನಲ್ಲಿ ಹೋಗಿ ಬಂದುಬಿಡಿ. ಮಗುವಿಗೆ ಇದನ್ನು ಕೊಡಿ" ಅಂತ ಚೆನ್ನಾಜಮ್ಮ ತಾನು ಹೊಲಿದ ಕುಲಾವಿಯನ್ನು ಅವನ ಕೈಗಿಟ್ಟಳು. ಮುಖ ತೋರಿಸದೆ ಒಳಗೆ ಹೋದಳು. ಗಡಿಯಾರದವನು ಎಂಜಿನ್ನಿನ ಪಕ್ಕದಲ್ಲಿ ಕುಳಿತು ಅತ್ತೇಬಿಟ್ಟ.

ಗುರುಸಿದ್ಧನ ಕೈ ಸುಲಿಯುವುದನ್ನು ಮರೆತಿತ್ತು. ಬುದ್ಧಿಯವರು ಮೊರದ ಅಂಚನ್ನು ತಟ್ಟಿದರು. ಅವನು ಮತ್ತೆ ಸುಲಿಯತೊಡಗಿದ. ಅವರು ಮುಂದುವರಿಸಿದರು.

ಆ ಹೊತ್ತಿಗೆ ಬೀದಿಯಲ್ಲಿ ಒರಳುಕಲ್ಲು ಕೊಚ್ಚುವವಳು ಕೂಗುತ್ತ ಬಂದಳು. ಚೆನ್ನಾಜಮ್ಮ ಅವಳನ್ನು ಕರೆದು ಹಿತ್ತಲಿನ ಕಲ್ಲು ತೋರಿಸಿದಳು. ಅವಳು ಉಳಿ ಸುತ್ತಿಗೆ ತೆಗೆದು ಕಲ್ಲಿನ ಮೈಗೆ ಟಕ್ ಟಕ್ ಅಂತ ಹೊಡೆಯತೊಡಗಿದಳು. ಮೊದಲೇ ನೊಂದಿದ್ದ ಗಡಿಯಾರದವನಿಗೆ ಒಂದೊಂದು ಪೆಟ್ಟೂ ಹಲ್ಲಿಗೆ ಬಿದ್ದ ಹಾಗಾಯಿತು. ಎದ್ದು ಬಂದು ರೇಗಿದ.

"ಅಷ್ಟು ನುಣುಪಾಗಿರುವ ಕಲ್ಲನ್ನು ಯಾಕೆ ಹಾಳು ಮಾಡಿಸುತ್ತೀಯೆ?"

"ನುಣುಪಾಗಿದೆ ಅಂತಲೇ ಕೊಚ್ಚಿಸುವುದು ಕಣ್ರೀ. ನುಣ್ಣಗಿನ ಕಲ್ಲಲ್ಲಿ ಅಕ್ಕಿ ನಿಲ್ಲುತ್ತದೆಯೇ? ಜಾರಿ ಜಾರಿ ಮೇಲೆ ಬರುತ್ತದೆ. ಅದಕ್ಕೆ ಕಾಲೂರಲು ಒಂದಿಷ್ಟು ಜಾಗ ಬೇಡವೇ?"

ಗಡಿಯಾರದವನು ನಿಂತಲ್ಲೇ ನಿಂತ. ಒಂದೇ ಓಟಕ್ಕೆ ಪಡಸಾಲೆಗೆ ಹೋದ. ಸಿಲಿಂಡರಿನ ಗೋಡೆಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಅದು ಗಾಜಿನ ಮೇಲಿನ ನೀರಿನಂತೆ ಸರ್ರನೆ ಜಾರಿ ತಳಕ್ಕೆ ಹೋಯಿತು. "ಅಯ್ಯೋ ನನ್ನ ಮಂಕುತನವೇ! ಎಣ್ಣೆಗೆ ನಿಲ್ಲಲು ನಾನು ಜಾಗವನ್ನೇ ಬಿಟ್ಟಿಲ್ಲವಲ್ಲ! ಅದಕ್ಕೇ ರಿಂಗು ಕೂರದೆ, ಎಣ್ಣೆ ಮೇಲೆ ನುಗ್ಗಿ ಉರಿಯುತ್ತಿದೆ!" ಅಂತ ಹಣೆ ಚಚ್ಚಿಕೊಂಡ.

ತಿಳಿಯಿತೇನೋ ನಿಜ. ಮಾಡುವುದು ಸುಲಭವಾಗಿತ್ತು ಅಂದುಕೊಂಡೆಯಾ? ಕೋಲಿಗೆ ಮರ ಉಜ್ಜುವ ಒರಟು ಉಪ್ಪುಕಾಗದ ಸುತ್ತಿಕೊಂಡು ಕುಳಿತ. ಜೀವಮಾನವೆಲ್ಲ ಗೀರು ಅಳಿಸಿದ ಕೈ ಅದು. ತಾನೇ ಹೊಳೆಸಿದ ಕನ್ನಡಿಯನ್ನು ತಾನೇ ಗೀಚಬೇಕು. ಕೋಲು ಕೆಳಗಿಟ್ಟ, ಮತ್ತೆ ತೆಗೆದುಕೊಂಡ. ಚೆನ್ನಾಜಮ್ಮ ಬಂದು ಪಕ್ಕದಲ್ಲಿ ಕುಳಿತಳು. "ಏನೋ ಮಾಡಬೇಕು ಅಂತಿದ್ದೀರಿ. ಮಾಡಿಬಿಡಿ. ಕೆಟ್ಟರೆ ಕೆಡಲಿ, ನಾನಿದ್ದೇನೆ" ಅಂದಳು. ಗಡಿಯಾರದವನು ಹಲ್ಲು ಕಚ್ಚಿ ಮೊದಲ ಗೀರು ಹಾಕಿದ. ಸದ್ದು ಕೇಳಿ ಅವನ ಮೈ ಜುಮ್ಮೆಂದಿತು. ಆಮೇಲೆ ಕೋಲನ್ನು ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿದ. ಗೋಡೆಯ ತುಂಬ ಓರೆ ಓರೆಯಾಗಿ, ಒಂದನ್ನೊಂದು ದಾಟಿಕೊಂಡು, ಸಣ್ಣ ಗೀರುಗಳು ಎದ್ದವು. ಈಗ ಎಣ್ಣೆ ಬಿಟ್ಟು ನೋಡಿದ. ಗೀರು ಗೀರಿನಲ್ಲೂ ಅದು ತುಂಬಿಕೊಂಡು ನಿಂತಿತು. ಎಲ್ಲವನ್ನೂ ತೊಳೆದು ಜೋಡಿಸಿ ಎಂಜಿನ್ನನ್ನು ಮತ್ತೆ ಕಾರಿಗೆ ಕೂರಿಸಿದ.

ನಾಮಕರಣದ ಬೆಳಿಗ್ಗೆ ಚೆನ್ನಾಜಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ಎಂಜಿನ್ನು ಹೊತ್ತಿಕೊಂಡಿತು. ಹೊಗೆ ಬಂತು. ಅವಳು ಗಂಡನ ತೋಳು ಹಿಡಿದುಕೊಂಡಳು.

"ಹೆದರಬೇಡ. ಗೋಡೆಗೂ ರಿಂಗಿಗೂ ಇನ್ನೂ ಹೊಂದಿಕೆಯಾಗಿಲ್ಲ. ಒಂದನ್ನೊಂದು ಉಜ್ಜಿ ಉಜ್ಜಿಯೇ ಹೊಂದಬೇಕು. ಅವಸರ ಮಾಡುವ ಹಾಗಿಲ್ಲ" ಅಂದ ಗಡಿಯಾರದವನು.

ಗಾಳಿಯ ಹಾಗೆ ಓಡಿದ್ದ ಕಾರು ಊರಿನಿಂದ ಹೊರಟದ್ದು ಎಮ್ಮೆಯ ನಡಿಗೆಯಲ್ಲಿ. ಸೈಕಲ್ಲಿನ ಮೇಲೆ ಬಂದ ಹಾಲಿನವನು ಅವರನ್ನು ಹಿಂದೆ ಹಾಕಿ ಹೋದ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಪಕ್ಕದಲ್ಲೇ ನಡೆಯುತ್ತ, "ಎಲ್ಲಿಗೆ ಹೊರಟಿರಿ?" ಅಂತ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡು ಮುಂದೆ ಹೋದಳು. ಗಡಿಯಾರದವನ ಕಣ್ಣು ರಸ್ತೆಯ ಮೇಲೆ, ಕಿವಿ ಎಂಜಿನ್ನಿನ ಒಳಗೆ. ಚೆನ್ನಾಜಮ್ಮ ಮಾತ್ರ ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ತಿರುಗಿ, ಹೊಗೆಯನ್ನೇ ನೋಡುತ್ತಿದ್ದಳು.

"ಇದೆ ರೀ... ಇನ್ನೂ ಇದೆ..."

ಒಂದು ಕೆರೆ ದಾಟಿತು, ಒಂದು ಸಂತೆಮಾಳ ದಾಟಿತು.

"ತೆಳ್ಳಗಾಯಿತು ರೀ... ಕಾಣುತ್ತಿದೆ, ಹಿಂದಿನ ಮರ ಕಾಣುತ್ತಿದೆ... ರೀ! ಇಲ್ಲ! ಹೊಗೆಯೇ ಇಲ್ಲ ಕಣ್ರೀ!"

ಗಡಿಯಾರದವನು ಮೆಲ್ಲಗೆ, ಬಹಳ ಮೆಲ್ಲಗೆ, ಕಾಲು ಒತ್ತಿದ. ಎಂಜಿನ್ನು ಗಂಟಲು ಸರಿಮಾಡಿಕೊಂಡು ಹಾಡಲು ಎದ್ದಿತು. ಚೆನ್ನಾಜಮ್ಮನ ಸೆರಗು ಹಾರಿತು, ಮಲ್ಲಿಗೆ ಹಾರಿತು, ಅವಳು ಕೇಕೆ ಹಾಕಿ ನಕ್ಕಳು. ಅವನೂ ಕೇಕೆ ಹಾಕಿದ. ಅಕ್ಕನ ಮನೆಯ ಮುಂದೆ ಕಾರು ನಿಂತಾಗ ಅವಳ ತಲೆ ಪೊರಕೆಯ ಹಾಗೆ ಕೆದರಿತ್ತು. ಭಾವ ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವಳು ಅವನನ್ನು ನೋಡಲೂ ಇಲ್ಲ. ಹೊಸಿಲು ದಾಟಿ ನೇರ ತೊಟ್ಟಿಲ ಬಳಿಗೆ ಹೋದಳು. ಅಕ್ಕನ ಮಗಳ ಮಡಿಲಿನಿಂದ ಮಗುವನ್ನು ಎತ್ತಿ ಎದೆಗವಚಿಕೊಂಡು ಕಿವಿಯಲ್ಲಿ ಹೆಸರು ಹೇಳಿದಳು. ಪೆಟ್ರೋಲಿನ ವಾಸನೆಗೆ ಮಗು ಸೀನಿತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬುದ್ಧಿಯವರು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು. ಗುರುಸಿದ್ಧನೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

"ಬಹಳ ಚೆನ್ನಾಗಿತ್ತು ಬುದ್ಧಿ. ಮನಸ್ಸು ಹಗುರವಾಯಿತು. ಹಾಗಾದರೆ ನಾನು ನಾಳೆ ಬೆಟ್ಟಕ್ಕೆ ಹೊರಡಲೇ?" ಎಂದು ಕೇಳಿದ.

"ಧಾರಾಳವಾಗಿ ಹೊರಡು" ಎಂದರು ಬುದ್ಧಿಯವರು. "ಆ ಗುಹೆಯಲ್ಲಿ ನಿನ್ನನ್ನು ಗೀರುವವರು ಯಾರು, ಅಷ್ಟು ಮಾತ್ರ ಹೇಳಿ ಹೋಗು."

ಗುರುಸಿದ್ಧ ಸುಲಿದ ಕಾಳಿನ ಮೊರ ಎತ್ತಿಕೊಂಡು ಅಡುಗೆಮನೆಯ ಕಡೆಗೆ ನಡೆದ.